ಲೇಸರ್ ಕಟಿಂಗ್‌ಗೆ ನಾನೇ ಡಿಸೈನ್ ಮಾಡಬೇಕು: ಯಾವ ಸಾಫ್ಟ್‌ವೇರ್‌ನಿಂದ ಶುರು ಮಾಡಲಿ?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ನಾನಿರೋದು ಶಿವಮೊಗ್ಗದಲ್ಲಿ. ಮನೆಯಿಂದಲೇ ಕನ್ನಡ ನಾಮಫಲಕ, ದಸರಾ ಗೊಂಬೆಗಳಿಗೆ ಪುಟ್ಟ ಮಂಟಪ, ರಂಗೋಲಿ ಅಚ್ಚು ಇಂಥವನ್ನೆಲ್ಲ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಮತ್ತು ಪ್ಲೈವುಡ್‌ನಲ್ಲಿ ಮಾಡಿಸಿ ಮಾರ್ತೀನಿ. ಕಟಿಂಗ್ ಊರಲ್ಲೇ ಒಂದು ಅಂಗಡೀಲಿ ಆಗುತ್ತೆ. ಡಿಸೈನೂ ಅಲ್ಲಿನ ಹುಡುಗನೇ ಕೋರಲ್ ಅನ್ನೋ ಡ್ರಾಯಿಂಗ್ ಸಾಫ್ಟ್‌ವೇರ್‌ನಲ್ಲಿ ಮಾಡಿಕೊಡ್ತಾನೆ. ಹಬ್ಬ ಹತ್ತಿರ ಬಂದರೆ ಅವನಿಗೆ ಪುರುಸೊತ್ತಿರಲ್ಲ, ಒಂದು ಹೆಸರು ಬದಲಾಯಿಸೋಕೂ ಕಾಯ್ತಾ ಕೂರಬೇಕು. ಅದಕ್ಕೇ ನಾನೇ ಕಲೀಬೇಕು ಅಂತ ನಿರ್ಧಾರ ಮಾಡಿದೀನಿ.

ಕೇಳಿದವರೆಲ್ಲ ಒಂದೊಂದು ಹೆಸರು ಹೇಳ್ತಾರೆ. ಆಟೊಕ್ಯಾಡ್ ಅಂತ ಒಬ್ಬರು, ಫ್ಯೂಷನ್ ಅಂತ ಇನ್ನೊಬ್ಬರು, ಕೋರಲ್ ಬಿಟ್ಟರೆ ಅಂಗಡಿಯವರು ತಗೊಳ್ಳೋದೇ ಇಲ್ಲ ಅಂತ ಮತ್ತೊಬ್ಬರು. ನನ್ನ ಹತ್ತಿರ ಇರೋದು 8 ಜಿಬಿ ರ‍್ಯಾಮ್‌ನ ಹಳೇ ಲ್ಯಾಪ್‌ಟಾಪ್. ಬಿ.ಕಾಂ ಓದಿದವಳು, ಡ್ರಾಯಿಂಗ್ ಚೆನ್ನಾಗಿ ಬರುತ್ತೆ, ಇಂಜಿನಿಯರಿಂಗ್ ಡ್ರಾಯಿಂಗ್ ಗೊತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಮಂಡ್ಯಬೆಲ್ಲ
ಇಂಕ್‌ಸ್ಕೇಪ್ ಅನ್ನೋ ಡ್ರಾಯಿಂಗ್ ಸಾಫ್ಟ್‌ವೇರ್. ಫ್ರೀ. ಬೇರೆ ಯಾವುದೂ ಬೇಡ ಮೇಡಂ.

ಪೀಣ್ಯಮೆಕ್ಯಾನಿಕಲ್
ಬೇರೆ ಯಾವುದೂ ಬೇಡ ಅನ್ನೋದು ತಪ್ಪು. ನಾಮಫಲಕ ಮತ್ತು ರಂಗೋಲಿ ಅಚ್ಚಿಗೆ ಇಂಕ್‌ಸ್ಕೇಪ್ ಸಾಕು, ಒಪ್ಪಿದೆ. ಅವು ಚಪ್ಪಟೆ ಚಿತ್ರಗಳು. ಮಂಟಪ ಹಾಗಲ್ಲ. ಅದರಲ್ಲಿ ಒಂದು ಹಲಗೆ ಇನ್ನೊಂದರೊಳಗೆ ಕೂರಬೇಕು. ಇವತ್ತು 3 ಎಂಎಂ ಹಲಗೆಗೆ ಬರೆದಿರ್ತೀರಿ, ನಾಳೆ ಗಿರಾಕಿ ದೊಡ್ಡ ಸೈಜ್ ಕೇಳಿದಾಗ 5.5 ಎಂಎಂ ಹಾಕಬೇಕಾಗುತ್ತೆ. ಇಂಕ್‌ಸ್ಕೇಪ್‌ನಲ್ಲಿ ಆದರೆ ಹಲಗೆ ಕೂರೋ ಪ್ರತಿಯೊಂದು ಸೀಳನ್ನೂ, ಅಂದ್ರೆ ಸ್ಲಾಟನ್ನೂ, ಕೈಯಲ್ಲೇ ತಿದ್ದುತ್ತಾ ಕೂರಬೇಕು. ಪ್ಯಾರಾಮೆಟ್ರಿಕ್ ಸಾಫ್ಟ್‌ವೇರ್‌ನಲ್ಲಿ 'ದಪ್ಪ' ಅಂತ ಒಂದು ಅಂಕಿ ಇಟ್ಟು, ಎಲ್ಲಾ ಸ್ಲಾಟ್‌ಗೂ ಅದನ್ನೇ ತೋರಿಸಿಬಿಟ್ಟರೆ, ಆ ಒಂದು ಅಂಕಿ ಬದಲಾಯಿಸಿದ ತಕ್ಷಣ ಇಡೀ ಮಂಟಪ ತಾನಾಗಿ ಹೊಂದಿಕೊಳ್ಳುತ್ತೆ. ಮೂರು ಆಯಾಮದಲ್ಲಿ ಜೋಡಿಸಿ ನೋಡಬಹುದು, ಎಲ್ಲಿ ಡಿಕ್ಕಿ ಹೊಡೆಯುತ್ತೆ ಅಂತ ಕತ್ತರಿಸೋ ಮೊದಲೇ ಗೊತ್ತಾಗುತ್ತೆ.

ಫ್ಯೂಷನ್ ಕಲೀರಿ. ಯೂಟ್ಯೂಬ್‌ನಲ್ಲಿ ಬೇಕಾದಷ್ಟು ಪಾಠ ಇದೆ.

ಕೋಡುಗಾರ
ಫ್ಯೂಷನ್‌ನ ಉಚಿತ ಲೈಸೆನ್ಸ್ ವೈಯಕ್ತಿಕ ಬಳಕೆಗೆ ಮಾತ್ರ. ಇವರು ಮಾರಾಟ ಮಾಡ್ತಿದಾರೆ. ಆ ಲೈಸೆನ್ಸ್‌ನಲ್ಲಿ ಒಂದೇ ಸಲಕ್ಕೆ 10 ಫೈಲ್ ಮಾತ್ರ ತಿದ್ದೋ ಸ್ಥಿತಿಯಲ್ಲಿ ಇಟ್ಟುಕೊಳ್ಳೋಕೆ ಆಗೋದು. ವ್ಯಾಪಾರ ಮಾಡುವವರಿಗೆ ಮೊದಲ ದಿನದಿಂದಲೇ ನಿಶ್ಚಿಂತೆಯಾಗಿ ಬಳಸೋಕೆ ಬರುವಂಥದ್ದನ್ನು ಹೇಳೋದು ಒಳ್ಳೇದು. ಫ್ರೀಕ್ಯಾಡ್ ಇದೆ. 2024ರ ನವೆಂಬರ್‌ನಲ್ಲಿ 1.0 ಬಂದ ಮೇಲೆ ಬಳಸೋಕೆ ಬಹಳ ಸುಧಾರಿಸಿದೆ. ಸ್ಪ್ರೆಡ್‌ಶೀಟ್ ಒಳಗೇ ಇದೆ, ದಪ್ಪ, ಎತ್ತರ, ಅಗಲ ಎಲ್ಲಾ ಅಲ್ಲಿ ಬರೆದು ಸ್ಕೆಚ್‌ಗೆ ಕೊಂಡಿ ಹಾಕಬಹುದು. ಬಿ.ಕಾಂ ಓದಿದವರಿಗೆ ಆ ಭಾಗ ನಮಗಿಂತ ಬೇಗ ಕೈಗೆ ಬರುತ್ತೆ.

ಪೀಣ್ಯಮೆಕ್ಯಾನಿಕಲ್
ಲೈಸೆನ್ಸ್ ವಿಷಯ ಸರಿ, ಒಪ್ಪಿದೆ. ಹಾಗಾದ್ರೆ ಫ್ರೀಕ್ಯಾಡ್. ಆದರೆ ಅದರ ವರ್ಕ್‌ಬೆಂಚ್‌ಗಳನ್ನು, ಅಂದ್ರೆ ಕೆಲಸಕ್ಕೊಂದರಂತೆ ಇರೋ ಟೂಲ್‌ಗಳ ಗುಂಪುಗಳನ್ನು, ನೋಡಿ ಹೊಸಬರು ಗಾಬರಿ ಆಗ್ತಾರೆ. ಸ್ಕೆಚರ್ ಮತ್ತು ಪಾರ್ಟ್ ಡಿಸೈನ್ ಎರಡು ಬಿಟ್ಟು ಬೇರೆ ಕಡೆ ಮೊದಲ ತಿಂಗಳು ತಲೆ ಹಾಕಬೇಡಿ.

ಗೋಕುಲರಸ್ತೆ
ಅಕ್ಕಾರ, ನಾನು ಹುಬ್ಬಳ್ಳ್ಯಾಗ ಲೇಸರ್ ಅಂಗಡಿ ನಡಸ್ತೀನ್ರಿ. ಸಾಫ್ಟ್‌ವೇರ್ ಯಾವುದರ ಇರ್ಲಿ, ನಮ್ಮ ಕಡೆ ಬರೋ ಫೈಲ್ ಹೆಂಗಿರಬೇಕು ಅನ್ನೋದು ಮೊದಲ ತಿಳ್ಕೊರಿ. ಮಂದಿ ವಾಟ್ಸಾಪ್‌ನ್ಯಾಗ ಫೋಟೊ ಕಳಸ್ತಾರ, "ಇದನ್ನ ಕಟ್ ಮಾಡಿ ಕೊಡ್ರಿ" ಅಂತಾರ. ಫೋಟೊದಾಗ ಗೆರಿ ಇರಂಗಿಲ್ರಿ, ಬರೇ ಚುಕ್ಕಿ ಇರ್ತಾವು. ಲೇಸರ್‌ಗೆ ಕತ್ತರಸಾಕ ಗೆರಿ ಬೇಕು, ಅಂದ್ರ ವೆಕ್ಟರ್ ಬೇಕು. ಎಸ್‌ವಿಜಿ, ಡಿಎಕ್ಸ್‌ಎಫ್, ಪಿಡಿಎಫ್, ಸಿಡಿಆರ್ ಯಾವುದರ ನಡೀತೈತಿ. ಕೋರಲ್ ಇದ್ದರಷ್ಟ ತಗೋತೀವಿ ಅನ್ನೋದು ಸುಳ್ಳ ಐತ್ರಿ. ನಮ್ಮ ಮಷೀನಿಂದು ಆರ್‌ಡಿವರ್ಕ್ಸ್ ಅನ್ನೋ ಸಾಫ್ಟ್‌ವೇರ್, ಅದು ಡಿಎಕ್ಸ್‌ಎಫ್ ಸೀದಾ ತಗೋತೈತಿ.

ಎರಡನೇದು, ಒಂದರ ಮ್ಯಾಲೆ ಒಂದು ಗೆರಿ ಬಿದ್ದಿರ್ತಾವು. ಎರಡು ಚೌಕ ಬಾಜೂಕ ಬಾಜೂಕ ಇಟ್ರ ನಡುವಿನ ಗೆರಿ ಎರಡು ಸಲ ಬರ್ತೈತಿ. ಪರದೆ ಮ್ಯಾಲೆ ಒಂದ ಕಾಣ್ತೈತಿ, ಮಷೀನ್ ಎರಡು ಸಲ ಸುಡ್ತೈತಿ. ಅಂಚು ಕರ್ರಗಾಗ್ತೈತಿ, ಟೈಮೂ ಡಬಲ್, ರೊಕ್ಕಾನೂ ಡಬಲ್. ಫೈಲ್ ಕೊಡೂಕಿಂತ ಮೊದಲ ಆ ಡಬಲ್ ಗೆರಿ ತಗದು ಕೊಡ್ರಿ.

ಮೂರನೇದು ಅಳತಿ. ಎಂಎಂ ಬರದ ಫೈಲ್ ಇಂಚ್ ಅಂತ ತೆರಕೊಂಡ್ರ 25.4 ಪಟ್ಟು ದೊಡ್ಡದಾಗ್ತೈತಿ, ಅದು ಕಣ್ಣಿಗೆ ಕಾಣ್ತೈತಿ. ಕಾಣದಂಗ ಕೆಡೋದು ಇನ್ನೊಂದೈತಿ: ಹಳೇ ಇಂಕ್‌ಸ್ಕೇಪ್ ಒಂದು ಇಂಚಿಗೆ 90 ಚುಕ್ಕಿ ಲೆಕ್ಕ ಹಿಡೀತಿತ್ತು, 2017ರಾಗ ಬಂದ 0.92ರಿಂದ 96. ಹಳೇ ಫೈಲ್ ಹೊಸದ್ರಾಗ ತೆರದ್ರ 100 ಎಂಎಂ ಇದ್ದದ್ದು 93.75 ಆಗಿ ಕುಂಡ್ರತೈತಿ. ಅದಕ್ಕ ಪ್ರತಿ ಫೈಲಿನ ಮೂಲ್ಯಾಗ 100 ಎಂಎಂದ ಒಂದು ಗೆರಿ ಎಳದು ಬ್ಯಾರೆ ಬಣ್ಣ ಕೊಟ್ಟು ಇಡ್ರಿ. ಅದನ್ನ ಅಳದ್ವಿ ಅಂದ್ರ ಮುಗೀತು.

ತುಂಗಾತೀರ
ಸರ್, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ತುಂಬಾ ಉಪಕಾರ ಆಯ್ತು. ಬಣ್ಣ ಅಂದ್ರಲ್ಲ, ಕೆಂಪು ಗೆರೆ ಕಟಿಂಗ್, ಕಪ್ಪು ಎನ್‌ಗ್ರೇವಿಂಗ್ ಅಂತ ಎಲ್ಲಾ ಕಡೆ ಒಂದೇ ನಿಯಮ ಇದೆಯಾ?

ಗೋಕುಲರಸ್ತೆ
ಇಲ್ರಿ. ಅಂಗಡಿ ಅಂಗಡಿಗೆ ಬ್ಯಾರೆ. ಫೈಲಿನ್ಯಾಗ ಬಣ್ಣ ಬ್ಯಾರೆ ಬ್ಯಾರೆ ಇದ್ರ ಸಾಕು, ಯಾವ ಬಣ್ಣಕ್ಕ ಎಷ್ಟು ಪವರ್, ಎಷ್ಟು ಸ್ಪೀಡ್ ಅನ್ನೋದು ನಾವು ಹಾಕ್ಕೋತೀವಿ. ಮೊದಲ ಒಳಗಿನ ತೂತು, ಆಮ್ಯಾಲೆ ಹೊರಗಿನ ಗೆರಿ ಕತ್ತರಸಬೇಕು. ಹೊರಗಿಂದು ಮೊದಲ ಬಿಟ್ಕೊಂಡ್ರ ತುಂಡು ಅಲ್ಲಾಡ್ತೈತಿ, ತೂತು ಸೊಟ್ಟ ಬೀಳ್ತೈತಿ. ಅದಕ್ಕೂ ಎರಡು ಬಣ್ಣ ಕೊಟ್ರ ಛಲೋ.

ಸಂಪಿಗೆಮರ
ಸಾಫ್ಟ್‌ವೇರ್‌ಗಿಂತ ಮೊದಲು ಒಂದು ವರ್ನಿಯರ್ ಕ್ಯಾಲಿಪರ್ ತಗೊಳ್ಳಿ. 3 ಎಂಎಂ ಪ್ಲೈ ಅಂತ ಕೊಟ್ಟಿದ್ದು 2.7 ಇರುತ್ತೆ, ಅದೇ ಹಾಳೆಯ ಇನ್ನೊಂದು ಮೂಲೇಲಿ 2.9.

ಮಂಡ್ಯಬೆಲ್ಲ
ಲೇಸರ್ ಗೆರೆಗೇ 1 ಎಂಎಂ ಹೋಗುತ್ತಲ್ವಾ, ಆಮೇಲೆ 0.2 ವ್ಯತ್ಯಾಸಕ್ಕೆ ಯಾಕೆ ತಲೆ ಕೆಡಿಸಿಕೊಳ್ಳಬೇಕು?

ಪೀಣ್ಯಮೆಕ್ಯಾನಿಕಲ್
1 ಎಂಎಂ ಹೋಗಲ್ಲ. ತೆಳು ಪ್ಲೈ, ಎಂಡಿಎಫ್, ಅಕ್ರಿಲಿಕ್‌ನಲ್ಲಿ ಸಾಮಾನ್ಯವಾಗಿ 0.1ರಿಂದ 0.3 ಎಂಎಂ. ಇದಕ್ಕೆ ಕೆರ್ಫ್ ಅಂತಾರೆ. ಮೇಡಂ, ಮಂಟಪದ ಜೋಡಣೆ ಬಿಗಿಯಾಗಿ ಬರೋದು, ಲೊಡಲೊಡ ಅನ್ನೋದು ಎಲ್ಲಾ ಇದರ ಮೇಲೇ ನಿಂತಿದೆ. ನಿಮ್ಮ ಅಂಗಡಿಯ ಮಷೀನಿನ ಕೆರ್ಫ್ ನೀವೇ ಅಳೀಬಹುದು:

100 ಎಂಎಂ ಅಗಲದ ಒಂದು ಪಟ್ಟಿ ಬರೆದು, ಅದನ್ನು 10 ಎಂಎಂಗೊಂದರಂತೆ ಅಡ್ಡಗೆರೆ ಹಾಕಿ 10 ತುಂಡು ಮಾಡಿಸಿ. ತುಂಡುಗಳನ್ನು ಒತ್ತಿ ಜೋಡಿಸಿ ಒಟ್ಟು ಅಗಲ ಅಳೆಯಿರಿ. ಪ್ರತಿ ತುಂಡೂ ಎರಡು ಬದಿಯಿಂದ ಅರ್ಧರ್ಧ ಕೆರ್ಫ್ ಕಳೆದುಕೊಂಡಿರುತ್ತೆ, ಅಂದರೆ ತುಂಡಿಗೆ ಒಂದು ಕೆರ್ಫ್. ಒಟ್ಟು 98.2 ಬಂತು ಅನ್ನಿ, ಕಳೆದದ್ದು 1.8, ಅದನ್ನು 10ರಿಂದ ಭಾಗಿಸಿದರೆ ಕೆರ್ಫ್ 0.18.

ಈಗ ಹಲಗೆ 2.8 ಎಂಎಂ ಇದೆ, ಅದು ಒಂದು ಸ್ಲಾಟ್ ಒಳಗೆ ಕೂರಬೇಕು. ಸ್ಲಾಟನ್ನು 2.8 ಅಂತ ಬರೆದರೆ ಕತ್ತರಿಸಿದ ಮೇಲೆ 2.98 ಆಗುತ್ತೆ, ಸಡಿಲ. ಆದ್ದರಿಂದ 2.62 ಅಂತ ಬರೀಬೇಕು. ಫ್ರೀಕ್ಯಾಡ್‌ನ ಸ್ಪ್ರೆಡ್‌ಶೀಟ್‌ನಲ್ಲಿ 'ದಪ್ಪ' ಒಂದು ಮನೆ, 'ಕೆರ್ಫ್' ಒಂದು ಮನೆ, 'ಸ್ಲಾಟ್ = ದಪ್ಪ − ಕೆರ್ಫ್' ಮೂರನೇ ಮನೆ. ಬೇರೆ ಹಾಳೆ ಬಂದಾಗ ಮೊದಲೆರಡು ಮನೆ ತಿದ್ದಿದರೆ ಆಯ್ತು.

ಸಂಪಿಗೆಮರ
ಪ್ಲೈಗೆ ಇದು ಸರಿ, ಮರ ಸ್ವಲ್ಪ ಅಮುಕುತ್ತೆ. ಅಕ್ರಿಲಿಕ್‌ಗೆ ಇಷ್ಟು ಬಿಗಿ ಇಡಬೇಡಿ. ತುರುಕಿದರೆ ಸ್ಲಾಟ್ ಮೂಲೆಯಿಂದ ಬಿರುಕು ಬಿಡುತ್ತೆ. ಅಕ್ರಿಲಿಕ್‌ನಲ್ಲಿ ಕೊಂಚ ಸಡಿಲ ಬಿಟ್ಟು ಅಂಟು ಹಾಕೋದೇ ಸರಿ.

ತುಂಗಾತೀರ
ಕೆರ್ಫ್ ಲೆಕ್ಕ ಅರ್ಥ ಆಯ್ತು, ಮುಂದಿನ ಆರ್ಡರ್ ಜೊತೆಗೇ ಆ ಪಟ್ಟಿ ಮಾಡಿಸ್ತೀನಿ. ಇನ್ನೊಂದು ಕೇಳಬೇಕಿತ್ತು. ನನಗೆ ಜಾಸ್ತಿ ಬರೋ ಆರ್ಡರ್ ಕನ್ನಡ ಹೆಸರುಗಳದ್ದು. ಅಂಗಡಿಯ ಕಂಪ್ಯೂಟರಲ್ಲಿ ಅಕ್ಷರ ಒಡೆದುಹೋಗೋದು, ಒತ್ತು ಪಕ್ಕಕ್ಕೆ ಬಂದು ಕೂರೋದು ಆಗ್ತಾ ಇರುತ್ತೆ. ಇನ್ನು ಹಲಗೆ ಇಲ್ಲದೆ ಬರೀ ಅಕ್ಷರ ಮಾತ್ರ ಬೇಕು ಅಂದಾಗ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ಉದುರಿ ಕೈಗೆ ಬರ್ತಾವೆ. 'ಪುಟ್ಟಮ್ಮ' ಅಂತ ಮಾಡಿಸಿದರೆ ಟ ಒತ್ತು, ಮ ಒತ್ತು ಎರಡೂ ಬೇರೆ!

ಅಕ್ಷರಪ್ರಿಯ
ಈ ಪ್ರಶ್ನೆಗಾಗಿ ಕಾಯ್ತಾ ಇದ್ದೆ. ಇಂಗ್ಲಿಷ್ ಪಾಠಗಳಲ್ಲಿ ಇದು ಎಲ್ಲೂ ಸಿಗಲ್ಲ, ಯಾಕಂದ್ರೆ ಅವರಿಗೆ ಈ ಸಮಸ್ಯೆ ಬರೋದು ಐ, ಜೆ ಮೇಲಿನ ಚುಕ್ಕಿಯಲ್ಲಿ ಮಾತ್ರ.

ಮೊದಲು ಅಕ್ಷರ ಒಡೆಯೋದು. ಹಳೇ ನುಡಿ, ಬರಹ ಫಾಂಟ್‌ಗಳಲ್ಲಿ ಬರೆದದ್ದು ಆ ಫಾಂಟ್ ಇರುವ ಕಂಪ್ಯೂಟರಲ್ಲಿ ಮಾತ್ರ ಕನ್ನಡ, ಇಲ್ಲದ ಕಡೆ ಇಂಗ್ಲಿಷ್ ಅಕ್ಷರಗಳ ರಾಶಿ. ಯುನಿಕೋಡ್‌ನಲ್ಲಿ ಬರೆದರೂ ತೆರೆಯುವ ಸಾಫ್ಟ್‌ವೇರ್‌ಗೆ ಕನ್ನಡದ ಒತ್ತು ಕೂರಿಸೋದು ಗೊತ್ತಿರಬೇಕು. ಇಂಕ್‌ಸ್ಕೇಪ್‌ಗೆ ಚೆನ್ನಾಗಿ ಗೊತ್ತು. ಆದ್ದರಿಂದ ಹೆಸರನ್ನು ಇಂಕ್‌ಸ್ಕೇಪ್‌ನಲ್ಲೇ ಯುನಿಕೋಡ್ ಫಾಂಟ್‌ನಲ್ಲಿ ಬರೆದು, ಪಾತ್ ಮೆನುವಿನಲ್ಲಿ 'ಆಬ್ಜೆಕ್ಟ್ ಟು ಪಾತ್' ಒತ್ತಿ. ಆಗ ಅದು ಪಠ್ಯವಾಗಿ ಉಳಿಯಲ್ಲ, ಬರೀ ಗೆರೆಯಾಗುತ್ತೆ. ಯಾವ ಅಂಗಡಿಯ ಯಾವ ಕಂಪ್ಯೂಟರಲ್ಲೂ ಒಡೆಯಲ್ಲ. ತಿದ್ದಬಹುದಾದ ಒಂದು ಪ್ರತಿ ಬೇರೆಯಾಗಿ ಇಟ್ಟುಕೊಳ್ಳಿ, ಗೆರೆ ಮಾಡಿದ ಮೇಲೆ ಕಾಗುಣಿತ ತಿದ್ದೋಕಾಗಲ್ಲ.

ಆಮೇಲೆ 'ಯೂನಿಯನ್', ಅಂದ್ರೆ ತಾಗಿರುವ ತುಂಡುಗಳನ್ನೆಲ್ಲ ಒಂದಾಗಿಸೋದು. ಕನ್ನಡ ಫಾಂಟ್‌ನಲ್ಲಿ ಅಕ್ಷರದ ಭಾಗಗಳು ಒಂದರ ಮೇಲೊಂದು ಹತ್ತಿ ಕೂತಿರೋದುಂಟು. ಯೂನಿಯನ್ ಮಾಡದೆ ಕೊಟ್ಟರೆ ಲೇಸರ್ ಆ ಹತ್ತಿದ ಕಡೆಯಲ್ಲೆಲ್ಲ ಅಕ್ಷರದ ಮಧ್ಯೆ ಗೆರೆ ಹೊಡೆಯುತ್ತೆ.

ಈಗ ಉದುರುವ ಒತ್ತು. ಬಿಡಿ ಅಕ್ಷರವಾಗಿ ಕತ್ತರಿಸುವಾಗ ಒತ್ತಕ್ಷರ ಮಾತ್ರ ಅಲ್ಲ, ಕೀ, ಕೇ, ಕೋ ಇವುಗಳ ದೀರ್ಘವೂ ಎಷ್ಟೋ ಫಾಂಟ್‌ಗಳಲ್ಲಿ ಬೇರೆ ತುಂಡೇ. ಮೂರು ದಾರಿ ಇದೆ. ಒತ್ತನ್ನು ಮೇಲಕ್ಕೆ ಎಳೆದು ಮೂಲ ಅಕ್ಷರಕ್ಕೆ ತಾಗಿಸಿ ಯೂನಿಯನ್ ಮಾಡೋದು ಒಂದು. ಓದೋಕೆ ತೊಂದರೆ ಆಗದಷ್ಟು ಎಳೀಬೇಕು, ಇದರಲ್ಲಿ ಕಣ್ಣೇ ಗುರು. ಹೆಸರಿನ ಉದ್ದಕ್ಕೂ ಕೆಳಗೆ ಒಂದು ಬಳ್ಳಿ ಬರೆದು ಒತ್ತುಗಳನ್ನೆಲ್ಲ ಅದಕ್ಕೆ ಹೆಣೆಯೋದು ಎರಡನೇದು. ನನಗೆ ಇಷ್ಟವಾದದ್ದು ಮೂರನೇದು: ಇಡೀ ಹೆಸರಿನ ನಕಲು ತೆಗೆದು 'ಔಟ್‌ಸೆಟ್' ಮಾಡಿ ಐದಾರು ಎಂಎಂ ಊದಿಸಿ, ಬಿಡಿ ತುಂಡುಗಳೆಲ್ಲ ಒಂದಕ್ಕೊಂದು ಕರಗಿ ಒಂದೇ ಹಿನ್ನೆಲೆ ಆಗುತ್ತೆ. ಅದನ್ನು ಒಂದು ಬಣ್ಣದ ಹಲಗೆಯಲ್ಲಿ, ಅಕ್ಷರವನ್ನು ಇನ್ನೊಂದರಲ್ಲಿ ಕತ್ತರಿಸಿ ಅಂಟಿಸಿ. ಒತ್ತಿನ ಆಕಾರ ಒಂದಿಷ್ಟೂ ಕೆಡಲ್ಲ.

ಅಚ್ಚಿನ ಹಾಗೆ ಹಲಗೆಯಿಂದ ಅಕ್ಷರವನ್ನೇ ತೂತಾಗಿ ತೆಗೆಯೋದಾದ್ರೆ ಇದರ ತಿರುಗುಮುರುಗು. ರ, ಠ, ಸೊನ್ನೆ ಇವುಗಳ ಹೊಟ್ಟೆಯೊಳಗಿನ ತುಂಡು ಬಿದ್ದುಹೋಗುತ್ತೆ. ಅಲ್ಲಿ ಸೇತುವೆ ಬಿಡಬೇಕು, 3 ಎಂಎಂ ಎಂಡಿಎಫ್‌ನಲ್ಲಿ 2 ಎಂಎಂಗಿಂತ ತೆಳು ಬೇಡ.

ಮಂಡ್ಯಬೆಲ್ಲ
ಯಾವ ಫಾಂಟ್ ಚೆನ್ನಾಗಿರುತ್ತೆ ಸರ್?

ಅಕ್ಷರಪ್ರಿಯ
ದಪ್ಪಗೆ, ಗೆರೆ ಒಂದೇ ಸಮ ಇರುವಂಥದ್ದು. ಬಾಲೂ ತಮ್ಮ ಬಿಡಿ ಅಕ್ಷರಕ್ಕೆ ಬಹಳ ಚೆನ್ನ. ನೋಟೊ ಸಾನ್ಸ್ ಕನ್ನಡದ ಬೋಲ್ಡ್ ಕೂಡ ಆಗುತ್ತೆ. ಎರಡೂ ಮುಕ್ತ ಲೈಸೆನ್ಸ್‌ನವು, ಮಾರೋ ವಸ್ತುವಿಗೆ ಬಳಸಬಹುದು. ಗೆರೆ ಕೂದಲೆಳೆಯಷ್ಟು ಸಣ್ಣಗಾಗುವ ಅಲಂಕಾರದ ಫಾಂಟ್ ಬೇಡ, ಆ ಸಣ್ಣ ಜಾಗ ಸುಟ್ಟು ಮುರಿಯುತ್ತೆ.

ಕೋಡುಗಾರ
ಓಪನ್‌ಎಸ್‌ಕ್ಯಾಡ್ ಕೂಡ ನೋಡಿ. ಮೌಸ್ ಬೇಡ, ಪ್ರೋಗ್ರಾಂ ಬರೆದು ಆಕಾರ ಮಾಡೋದು. ಹೆಸರು, ದಪ್ಪ, ಅಗಲ ಬದಲಾಯಿಸಿ ಡಿಎಕ್ಸ್‌ಎಫ್ ತೆಗೆಯೋದಷ್ಟೇ.

ಸಂಪಿಗೆಮರ
ಡ್ರಾಯಿಂಗ್ ಚೆನ್ನಾಗಿ ಬರುತ್ತೆ ಅಂದವರಿಗೆ ಪ್ರೋಗ್ರಾಂ ಬರೀರಿ ಅನ್ನೋದು ಯಾಕೆ? ಕೈ ಎಲ್ಲಿ ಪಳಗಿದೆಯೋ ಅಲ್ಲಿಂದ ಶುರು ಮಾಡಲಿ ಬಿಡಿ.

ಕೋಡುಗಾರ
ಶುರು ಅಲ್ಲಿಂದಲೇ ಆಗಲಿ, ನಾನು ಮುಂದಿನ ಹೆಜ್ಜೆಗೆ ಹೇಳಿದ್ದು. ಬರೀ ಡಬ್ಬಿ, ಟ್ರೇ ಬೇಕಿದ್ದರೆ ಯಾವುದನ್ನೂ ಬರೆಯೋದೇ ಬೇಡ. ಬಾಕ್ಸಸ್.ಪೈ ಅಂತ ಮುಕ್ತ ತಂತ್ರಾಂಶ ಇದೆ, ಬ್ರೌಸರ್‌ನಲ್ಲೇ ನಡೆಯುತ್ತೆ. ಉದ್ದ, ಅಗಲ, ಎತ್ತರ, ದಪ್ಪ ಕೊಟ್ಟರೆ ಹಲ್ಲುಹಲ್ಲಾಗಿ ಕೂರುವ ಫಿಂಗರ್ ಜಾಯಿಂಟ್ ಸಮೇತ ಎಸ್‌ವಿಜಿ ಕೊಡುತ್ತೆ. ಅದರಲ್ಲಿ 'ಬರ್ನ್' ಅನ್ನೋ ಅಂಕಿ ಹೆಚ್ಚಿಸಿದಷ್ಟೂ ಜೋಡಣೆ ಬಿಗಿ. ಮಂಟಪದ ಪೀಠಕ್ಕೆ ಅದು ಸಾಕು. ಮೇಲಿನ ಕಮಾನು ಇಂಕ್‌ಸ್ಕೇಪ್‌ನಲ್ಲಿ ಕೈಯಾರೆ ಬರೀರಿ.

ಉಳಿಸುತ್ತಿಗೆ
ಎಲ್ಲ ಓದಿದೆ. ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಮ್ಮದು ಮೈಸೂರು, ಬೀಟೆ ಮರದ ಇನ್‌ಲೇ ಕೆಲಸ ಮಾಡುವ ಮನೆತನ. ಬಣ್ಣದ ಮರಗಳನ್ನು ಸಣ್ಣ ಗರಗಸದಲ್ಲಿ ಕೊಯ್ದು ಬೀಟೆ ಹಲಗೆಯೊಳಗೆ ಕೂರಿಸ್ತೀವಿ. ಒಂದು ಆನೆಯ ಸೊಂಡಿಲಿಗೆ ಯಾವ ಮರ, ಅದರ ನರ ಯಾವ ಕಡೆ ಹರಿಯಬೇಕು ಅಂತ ಆರಿಸೋಕೇ ಅರ್ಧ ದಿನ ಬೇಕು. ಈಗ ಮಾರುಕಟ್ಟೆಯಲ್ಲಿ ಎಂಡಿಎಫ್ ಮೇಲೆ ಲೇಸರ್‌ನಲ್ಲಿ ಸುಟ್ಟ ಆನೆಯನ್ನು 'ಮೈಸೂರು ಕಲೆ' ಅಂತ ಮಾರ್ತಿದಾರೆ. ಕೊಳ್ಳುವವರಿಗೆ ವ್ಯತ್ಯಾಸ ಹೇಳುವವರೇ ಇಲ್ಲ. ನೀವೆಲ್ಲ ಇದನ್ನು ಕಲಿಯಿರಿ, ಬೇಡ ಅನ್ನಲ್ಲ. ಆದರೆ ಯಂತ್ರದಲ್ಲಿ ಮಾಡಿದ್ದನ್ನು ಯಂತ್ರದ್ದು ಅಂತಲೇ ಹೇಳಿ ಮಾರಿ.

ತುಂಗಾತೀರ
ಸರ್, ನಾನು ಹಾಗೇ ಮಾಡ್ತಿರೋದು. ಪ್ರತಿ ಡಬ್ಬದ ಮೇಲೂ 'ಲೇಸರ್ ಕಟ್, ಎಂಡಿಎಫ್' ಅಂತ ಬರೆದಿರ್ತೀನಿ. ನಿಮ್ಮ ಮಾತು ಮನಸ್ಸಿಗೆ ತಾಕಿತು.

ಪೀಣ್ಯಮೆಕ್ಯಾನಿಕಲ್
ಉಳಿಸುತ್ತಿಗೆ ಸರ್, ಹೆಸರಿಟ್ಟು ಮೋಸ ಮಾಡೋದು ತಪ್ಪು ಅನ್ನೋದಕ್ಕೆ ಎರಡು ಮಾತಿಲ್ಲ. ಆದರೆ ಇನ್‌ಲೇಗೆ ಲೇಸರ್ ಶತ್ರು ಅಂತ ನನಗನ್ನಿಸಲ್ಲ. ಕೂರುವ ತುಂಡನ್ನು ಕೆರ್ಫ್‌ನಷ್ಟು ದೊಡ್ಡದಾಗಿ ಬರೆದು ಕತ್ತರಿಸಿದರೆ ಹಲಗೆಯ ಗುಂಡಿಯೊಳಗೆ ಸಂದೇ ಇಲ್ಲದೆ ಕೂರುತ್ತೆ. ಮರ ಆರಿಸುವ ಕಣ್ಣು ನಿಮ್ಮದೇ, ಕೊಯ್ಯುವ ಭಾರ ಮಾತ್ರ ಕಡಿಮೆ. ಒಂದು ಕಾಲಕ್ಕೆ ದಂತ ಕೂರಿಸ್ತಿದ್ದರು, ನಿಷೇಧವಾದ ಮೇಲೆ ಬೇರೆ ವಸ್ತುಗಳಿಗೆ ಬಂದರು, ಕಲೆ ಉಳೀತಲ್ಲ.

ಉಳಿಸುತ್ತಿಗೆ
ವಸ್ತು ಬದಲಾಗೋದು ಬೇರೆ, ಕೈ ಬದಲಾಗೋದು ಬೇರೆ. ಲೇಸರ್ ಕೊಯ್ದ ಅಂಚು ಸುಟ್ಟು ಕರಿ ಗೆರೆ ಉಳಿಯುತ್ತೆ, ತಿಳಿ ಬಣ್ಣದ ಮರದಲ್ಲಿ ಅದು ಎದ್ದು ಕಾಣುತ್ತೆ. ಗರಗಸದ ಅಂಚಿಗೆ ಆ ಕಲೆ ಇರಲ್ಲ. ಹುಡುಗರು ನಕ್ಷೆ ತೆಗೆಯೋಕೆ ಕಂಪ್ಯೂಟರ್ ಬಳಸ್ತಾರೆ, ಅದಕ್ಕೆ ನನ್ನ ತಕರಾರಿಲ್ಲ.

ಕಡಲತಡಿ
ಇಷ್ಟು ಚರ್ಚೆಯಾದರೂ ಸುರಕ್ಷತೆಯ ಬಗ್ಗೆ ಯಾರೂ ಮಾತೆತ್ತಿಲ್ಲ. ಉಡುಪಿಯಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ, ಆದ್ದರಿಂದ ಹೇಳಲೇಬೇಕು. ಪಿವಿಸಿಯನ್ನು ಲೇಸರ್‌ಗೆ ಹಾಕಲೇಬಾರದು. ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಬರುತ್ತದೆ, ತೇವ ತಾಗಿದರೆ ಅದು ಹೈಡ್ರೋಕ್ಲೋರಿಕ್ ಆಮ್ಲ. ಶ್ವಾಸಕೋಶಕ್ಕೂ ಕೇಡು, ಯಂತ್ರದ ಹಳಿ, ಕನ್ನಡಿಗಳಿಗೂ ಕೇಡು. ಬೋರ್ಡ್ ಬರೆಯುವವರು ಬಳಸುವ ಬಿಳಿ ಫೋಮ್ ಹಲಗೆ, ವಿನೈಲ್ ಸ್ಟಿಕ್ಕರ್, ರೆಕ್ಸಿನ್ ಇವೆಲ್ಲ ಹೆಚ್ಚಾಗಿ ಪಿವಿಸಿಯೇ. ಅಗ್ಗಕ್ಕೆ ಸಿಕ್ಕಿತೆಂದು ಅಂಗಡಿಗೆ ಒಯ್ಯಬೇಡಿ. ಎಂಡಿಎಫ್ ಹೊಗೆಯೂ ಒಳ್ಳೆಯದಲ್ಲ, ಅದರ ಅಂಟಿನಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ. ಹೊಗೆ ಹೊರಗೆ ಎಳೆಯುವ ಫ್ಯಾನ್ ಇಲ್ಲದ ಕೋಣೆಯಲ್ಲಿ ಯಂತ್ರ ಇಡಬಾರದು.

ಗೋಕುಲರಸ್ತೆ
ಖರೇ ಮಾತ್ರಿ ಸರ. ನಮ್ಮಲ್ಲಿ ಯಾವ ಶೀಟ್ ಅಂತ ಗೊತ್ತಿಲ್ಲದ ಮಾಲು ನಾವು ಮುಟ್ಟಂಗಿಲ್ರಿ. ಗಿರಾಕಿ ಸಿಟ್ಟಾದ್ರೂ ಪರವಾಗಿಲ್ಲ.

ಮಂಡ್ಯಬೆಲ್ಲ
ಹಾಗಾದ್ರೆ ಮೇಡಂ ಆನ್‌ಲೈನ್‌ನಲ್ಲಿ ಸಿಗೋ ಚಿಕ್ಕ ನೀಲಿ ಲೇಸರ್ ತಗೊಂಡು ಮನೇಲೇ ಇಟ್ಕೋಬಾರದಾ?

ಪೀಣ್ಯಮೆಕ್ಯಾನಿಕಲ್
ಡಯೋಡ್ ಲೇಸರ್‌ನ ಬೆಳಕು ಸುಮಾರು 450 ನ್ಯಾನೊಮೀಟರ್, ನೀಲಿ. ಪಾರದರ್ಶಕ ಅಕ್ರಿಲಿಕ್‌ನೊಳಗೆ ಅದು ಹಾದುಹೋಗುತ್ತೆ, ಕತ್ತರಿಸಲ್ಲ. ಅಂಗಡಿಗಳಲ್ಲಿರೋದು ಸಿಒ2 (ಕಾರ್ಬನ್ ಡೈಆಕ್ಸೈಡ್) ಲೇಸರ್, 10,600 ನ್ಯಾನೊಮೀಟರ್. ಅದನ್ನು ಅಕ್ರಿಲಿಕ್ ಪೂರ್ತಿ ಹೀರಿಕೊಳ್ಳುತ್ತೆ, ಅಂಚು ಗಾಜಿನ ಹಾಗೆ ಬರುತ್ತೆ. ಮೇಲಾಗಿ ಮುಚ್ಚಳ ಇಲ್ಲದ ಡಯೋಡ್ ಯಂತ್ರದ ಪ್ರತಿಫಲನ ಕಣ್ಣಿಗೆ ಶಾಶ್ವತ ಹಾನಿ ಮಾಡುತ್ತೆ, ಮನೆಯಲ್ಲಿ ಮಕ್ಕಳಿದ್ದರೆ ಬೇಡವೇ ಬೇಡ.

ವಿಷಯ ಬಂತು ಅಂತ ಹೇಳ್ತೀನಿ: ಈ ಸಿಒ2 ಲೇಸರನ್ನು 1964ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ರೂಪಿಸಿದವರು ಕುಮಾರ್ ಪಟೇಲ್. ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿ ಪುಣೆ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರು. ನಮ್ಮ ಪಠ್ಯದಲ್ಲಿ ಅವರ ಬಗ್ಗೆ ಒಂದು ಪುಟ ಇರಬೇಕಿತ್ತು.

ಹೆಲ್ಸಿಂಕಿಕನ್ನಡಿಗ
ಸ್ವಲ್ಪ ಬೇರೆ ಮಾತು. ಇಲ್ಲಿ ಹೆಲ್ಸಿಂಕಿಯಲ್ಲಿ ಊಡಿ ಅಂತ ಕೇಂದ್ರ ಗ್ರಂಥಾಲಯ ಇದೆ, 2018ರ ಡಿಸೆಂಬರ್‌ನಲ್ಲಿ ತೆರೆದದ್ದು. ಪುಸ್ತಕದ ಜೊತೆ ಲೇಸರ್ ಕಟರ್, ತ್ರೀಡಿ ಪ್ರಿಂಟರ್, ಹೊಲಿಗೆ ಯಂತ್ರ ಎಲ್ಲಾ ಇದೆ. ಸಮಯ ಕಾಯ್ದಿರಿಸಿ ಹೋಗಿ ಯಾರು ಬೇಕಾದರೂ ಬಳಸಬಹುದು. ನಮ್ಮ ಜಿಲ್ಲಾ ಗ್ರಂಥಾಲಯಗಳಲ್ಲಿ ಇಂಥದ್ದೊಂದು ಕೋಣೆ ಇದ್ದಿದ್ದರೆ ಈ ಪ್ರಶ್ನೆ ಕೇಳಿದವರು ಇಷ್ಟು ಹೊತ್ತಿಗೆ ಯಂತ್ರದ ಮುಂದೆ ನಿಂತಿರುತ್ತಿದ್ದರು.

ಸಂಪಿಗೆಮರ
ಫಿನ್‌ಲ್ಯಾಂಡ್ ತನಕ ಯಾಕೆ ಹೋಗಬೇಕು? ಪುಣೆ ಹತ್ತಿರದ ಪಾಬಳ ಅನ್ನೋ ಹಳ್ಳಿಯ ವಿಜ್ಞಾನ ಆಶ್ರಮದಲ್ಲಿ 2002ರಲ್ಲೇ ಫ್ಯಾಬ್ ಲ್ಯಾಬ್, ಅಂದ್ರೆ ಇಂಥ ಯಂತ್ರಗಳಿರೋ ಕಾರ್ಯಾಗಾರ ಆಯ್ತು. ಅಮೆರಿಕದ ಎಂಐಟಿಯ ಹೊರಗೆ ಶುರುವಾದ ಮೊದಮೊದಲ ಲ್ಯಾಬ್‌ಗಳಲ್ಲಿ ಅದೊಂದು. ಹಳ್ಳೀಲಿ ಆಗುತ್ತೆ ಅಂದ್ರೆ ಜಿಲ್ಲಾ ಕೇಂದ್ರದಲ್ಲಿ ಯಾಕಾಗಲ್ಲ?

ತುಂಗಾತೀರ
ಅಂಥದ್ದು ಇಲ್ಲಿ ಬಂದರೆ ಮೊದಲು ಹೋಗಿ ಹೆಸರು ಬರೆಸೋಳು ನಾನು.

ಇಂಕ್‌ಸ್ಕೇಪ್ ಹಾಕಿಕೊಂಡೆ, ಅದರಿಂದಲೇ ಶುರು. ಮಂಟಪಕ್ಕೆ ಫ್ರೀಕ್ಯಾಡ್ ಆಮೇಲೆ. ಈಗ ರಂಗೋಲಿ ಅಚ್ಚು ಬರೀತಿದೀನಿ. ಪುಸ್ತಕದಲ್ಲಿ ಕೈಯಲ್ಲಿ ಬಿಡಿಸಿದ ಚುಕ್ಕಿ ರಂಗೋಲಿಯ ಫೋಟೊ ತೆಗೆದು, ಫೋಟೊದಿಂದ ಗೆರೆ ಮಾಡೋ 'ಟ್ರೇಸ್ ಬಿಟ್‌ಮ್ಯಾಪ್' ಕೊಟ್ಟೆ, ಪ್ರತಿ ಎಳೆಗೂ ಎರಡೆರಡು ಗೆರೆ ಬಂತು. ಯಾಕೆ?

ಅಕ್ಷರಪ್ರಿಯ
ಪೆನ್ನಿನ ಎಳೆಗೆ ಅಗಲ ಇದೆಯಲ್ಲ ಮೇಡಂ, ಅದರ ಎರಡೂ ಅಂಚನ್ನು ಹಿಡಿಯುತ್ತೆ. 1.0 ಆದ ಮೇಲಿನ ಇಂಕ್‌ಸ್ಕೇಪ್‌ನಲ್ಲಿ 'ಸೆಂಟರ್‌ಲೈನ್ ಟ್ರೇಸಿಂಗ್' ಅಂತ ಇದೆ, ಅದು ಎಳೆಯ ನಡುಗೆರೆ ಕೊಡುತ್ತೆ. ಆದರೆ ಚುಕ್ಕಿ ರಂಗೋಲಿಗೆ ಟ್ರೇಸ್ ಮಾಡೋದೇ ಬೇಡ. ಗ್ರಿಡ್ ಹಾಕಿ ಸ್ನ್ಯಾಪ್ ಆನ್ ಮಾಡಿ, ಕಾಲು ಭಾಗ ಬರೆದು ಉಳಿದದ್ದನ್ನು ತಿರುಗಿಸಿ ನಕಲು ಮಾಡಿ. ಎಲ್ಲ ಸುತ್ತೂ ಒಂದೇ ಅಳತೆಯಲ್ಲಿ ಬರುತ್ತೆ. ಅಚ್ಚಿಗೆ ಎಳೆಯನ್ನು 'ಸ್ಟ್ರೋಕ್ ಟು ಪಾತ್' ಮಾಡಿ ಅಗಲ ಕೊಡಿ. ಚುಕ್ಕಿ ಸುತ್ತಿ ಬರುವ ಪ್ರತಿ ಸುತ್ತೂ ಮುಚ್ಚಿದ ಬಳೆ, ಅದರೊಳಗಿನ ಹಲಗೆ ಉದುರುತ್ತೆ. ಒಂದೊಂದು ಬಳೆಗೂ ಕನಿಷ್ಠ ಎರಡು ಸೇತುವೆ ಬಿಡಿ, ಎದುರುಬದುರಾಗಿ.

ಉಳಿಸುತ್ತಿಗೆ
ಸೇತುವೆ ಎಲ್ಲಿ ಬಿಡಬೇಕು ಅಂತ ನೋಡೋಕೆ ಬೇಲೂರಿನ ಜಾಲಂದ್ರಗಳನ್ನು ನೋಡಿ ಬನ್ನಿ ತಾಯಿ. ಕಲ್ಲಿನಲ್ಲಿ ತೂತು ತೆಗೆದವರು ಯಾವ ಎಳೆಯೂ ತಾನೊಂದೇ ನಿಲ್ಲದ ಹಾಗೆ ಹೆಣೆದಿದಾರೆ.

ತುಂಗಾತೀರ
ಖಂಡಿತ ಹೋಗ್ತೀನಿ ಸರ್, ಸ್ಕೆಚ್ ಪುಸ್ತಕ ಹಿಡ್ಕೊಂಡೇ. ಕೊನೇದಾಗಿ ಇನ್ನೊಂದು: ಅಕ್ರಿಲಿಕ್ ಮೇಲೆ ಅಂಟಿಸಿರೋ ಹಾಳೆ ತೆಗೆದು ಕೊಡಬೇಕಾ, ಹಾಗೇ ಕೊಡಬೇಕಾ?

ಗೋಕುಲರಸ್ತೆ
ಕಾಗದದ ಹಾಳಿ ಇದ್ರ ಇರ್ಲ್ರಿ, ಹೊಗಿ ಕಲಿ ಆಗಂಗಿಲ್ಲ. ತೆಳ್ಳನ ಪ್ಲಾಸ್ಟಿಕ್ ಇದ್ರ ಮ್ಯಾಲಿಂದು ತಗೀರಿ, ಅದು ಕರಗಿ ಅಂಚಿಗೆ ಹತ್ತತೈತಿ.